ಮನಿ ಮಾತಿಗೆ ಸಾಲಿ ಬಾಗಿಲು ತೆರೆಯಲಿ



ಅತನೂರಿನ ಈ ಸಮ್ಮೇಳನದಲ್ಲಿ ನನ್ನನ್ನು ಅಧ್ಯಕ್ಷರ ಕುರ್ಚಿಯಲ್ಲಿ ಕೂಡ್ರಿಸಿದ್ದೀರಿ. ಇಲ್ಲಿಂದ ಒಂದೇ ಮಾತು ಒತ್ತಿ ಹೇಳಬೇಕೆಂದಿದ್ದೇನೆ. ನಾವು ಹೊಲದಲ್ಲಿ, ಕಟ್ಟೆಯ ಮೇಲೆ, ಒಲೆಯ ಮುಂದೆ ಆಡುವ ಕನ್ನಡ ಕೆಟ್ಟ ಕನ್ನಡವಲ್ಲ. ಅದನ್ನು ಸಾಲಿಯ ಹೊರಗೆ ನಿಲ್ಲಿಸುವುದನ್ನು ನಾವು ಬಿಡಬೇಕು.

ಒಂದು ಕ್ರಿಯಾಪದವನ್ನೇ ತಗೊಳ್ಳೋಣ. ಮೈಸೂರು ಕಡೆಯವರು ‘ಮಾಡ್ತಾ ಇದೀನಿ’ ಅನ್ನುತ್ತಾರೆ. ಧಾರವಾಡದವರು ‘ಮಾಡ್ಲಿಕ್ಕತ್ತೀನಿ’ ಅನ್ನುತ್ತಾರೆ, ಅದೇ ಸೀಮೆಯ ಹಳ್ಳಿಗಳಲ್ಲಿ ‘ಮಾಡಾಕತ್ತೀನಿ’. ನಮ್ಮ ಕಲಬುರಗಿ ಸೀಮೆಯಲ್ಲಿ ‘ಮಾಡ್ಲತ್ತೀನಿ’. ಮೈಸೂರಿನವರು ‘ಇರು’ ಧಾತುವಿನಿಂದ ಕಟ್ಟಿದ್ದನ್ನು ನಾವು ‘ಹತ್ತು’ ಧಾತುವಿನಿಂದ ಕಟ್ಟಿದ್ದೇವೆ, ಅಷ್ಟೇ. ಬರ್ಲತ್ತಾನ, ಹೋಗ್ಲತ್ತಾಳ, ಉಣ್ಲತ್ತಾರ, ಎಲ್ಲಿಯೂ ನಿಯಮ ತಪ್ಪುವುದಿಲ್ಲ. ಬೇರೆ ಕಡೆ ‘ಇದೆ’, ‘ಐತಿ’ ಎಂದದ್ದು ನಮ್ಮಲ್ಲಿ ‘ಅದ’. ಮನೆ, ತಲೆ, ಹೊಳೆ ನಮ್ಮ ಬಾಯಲ್ಲಿ ಮನಿ, ತಲಿ, ಹೊಳಿ. ಮನಿಯ ಒಳಗಿದ್ದರೆ ‘ಮನ್ಯಾಗ’. ಮಾತು ಕಲಿತ ಕೂಸಿಗೂ ಈ ವ್ಯಾಕರಣ ಗೊತ್ತು, ಯಾರೂ ಹಲಗೆಯ ಮೇಲೆ ಬರೆದು ಕಲಿಸಿದ್ದಲ್ಲ.

ಈಗ ಒಂದು ತರಗತಿ ನೋಡಿರಿ. ‘ಪುಸ್ತಕ ಎಲ್ಲಿ?’ ಎಂದು ಗುರುಗಳು ಕೇಳುತ್ತಾರೆ. ‘ಮನ್ಯಾಗ ಅದರೀ ಸರ್’ ಎಂದು ಹುಡುಗಿ ಹೇಳುತ್ತಾಳೆ. ‘ಮನೆಯಲ್ಲಿದೆ ಅನ್ನು’ ಎಂದು ತಿದ್ದುತ್ತಾರೆ, ಉಳಿದ ಮಕ್ಕಳು ನಗುತ್ತಾರೆ. ಆ ತಿದ್ದುಪಡಿಯಲ್ಲಿ ಏನು ಹೋಯಿತು ಗಮನಿಸಿರಿ. ಹುಡುಗಿಯ ಮಾತಿನಲ್ಲಿದ್ದ ‘ರೀ’ ಹೋಯಿತು. ಹಿರಿಯರಿಗೆ ಆಕೆ ಕೊಟ್ಟ ಮರ್ಯಾದೆ ಆ ಒಂದಕ್ಷರದಲ್ಲಿತ್ತು. ಇಂಥ ಮಗು ಮರುದಿನ ಕೈ ಎತ್ತುವುದಿಲ್ಲ. ಮುಂದೆ ಬೆಂಗಳೂರಿನಲ್ಲಿ ಸಂದರ್ಶನಕ್ಕೆ ಕೂತಾಗಲೂ ಬಾಯಿ ತೆರೆಯಲು ಹಿಂಜರಿಯುತ್ತದೆ. ನನಗೆ ಹೊಟ್ಟೆಯಲ್ಲಿ ಸಂಕಟವಾಗುವುದು ಇದಕ್ಕೇ. ಪುಸ್ತಕದ ಕನ್ನಡ ಬೇಡ ಎಂದು ನಾನು ಹೇಳುತ್ತಿಲ್ಲ, ಅದನ್ನು ಚೆನ್ನಾಗಿಯೇ ಕಲಿಸಬೇಕು. ಆದರೆ ಮನಿಯ ಮಾತನ್ನು ತಪ್ಪು ಎಂದು ಕರೆಯದೆ ಕಲಿಸಬೇಕು.

ಎಲ್ಲ ಬಗೆಯ ಕನ್ನಡವನ್ನೂ ಗೌರವಿಸುವುದು ಈ ನೆಲಕ್ಕೆ ಹೊಸದಲ್ಲ. ಕನ್ನಡದಲ್ಲಿ ದೊರೆತ ಮೊದಲ ಗ್ರಂಥ ‘ಕವಿರಾಜಮಾರ್ಗ’ ಹುಟ್ಟಿದ್ದು ಸುಮಾರು ಕ್ರಿ.ಶ. 850ರಲ್ಲಿ, ನೃಪತುಂಗನ ಆಸ್ಥಾನದಲ್ಲಿ. ಆತನ ರಾಜಧಾನಿ ನಮ್ಮದೇ ಜಿಲ್ಲೆಯ ಮಳಖೇಡ. ಆ ಗ್ರಂಥ ತಿರುಳ್ಗನ್ನಡದ ನಾಡನ್ನು ಗುರುತಿಸಿದ್ದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ. ಅಂದರೆ ರಾಜಧಾನಿಯೇ ಆ ಎಲ್ಲೆಯ ಹೊರಗೆ ಉಳಿಯಿತು! ಅರಮನೆ ಇದ್ದಲ್ಲೇ ಒಳ್ಳೆಯ ಕನ್ನಡ ಇರಬೇಕೆಂಬ ಹಟ ಆ ಗ್ರಂಥ ಬರೆದವರಿಗಿರಲಿಲ್ಲ. ಕನ್ನಡದ ಬಗೆಗಳನ್ನು ಎಣಿಸಹೋದರೆ ಸಾವಿರ ನಾಲಗೆಯ ವಾಸುಕಿಗೂ ಬೇಸರವಾದೀತು ಎಂಬ ಅರ್ಥದ ಮಾತೂ ಅದರಲ್ಲೇ ಇದೆ. ಹನ್ನೊಂದು ಶತಮಾನದ ಹಿಂದೆ ಇಷ್ಟು ದೊಡ್ಡ ಮನಸ್ಸು ಇದ್ದ ಸೀಮೆಯಲ್ಲಿ ನಾವಿದ್ದೇವೆ.

ನಡುವೆ ನಮ್ಮ ಚರಿತ್ರೆ ಬೇರೆ ದಾರಿ ಹಿಡಿಯಿತು. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮರ ಆಳ್ವಿಕೆಯಲ್ಲಿದ್ದೆವು. ಕಚೇರಿಯ ಮಾತು ಉರ್ದು, 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಸೇರಿದೆವು. ಅಲ್ಲಿಂದ ಮುಂದೆ ಬೆಂಗಳೂರು, ಮೈಸೂರಿನ ಶಿಷ್ಟ ಕನ್ನಡವೇ ಪಠ್ಯದಲ್ಲಿ ಗಟ್ಟಿಯಾಯಿತು. ಅತ್ತ ಅಕ್ಕಲಕೋಟ, ಜತ್ತ, ದಕ್ಷಿಣ ಸೊಲ್ಲಾಪುರದ ಕನ್ನಡಿಗರು ಮಹಾರಾಷ್ಟ್ರದಲ್ಲಿ ಉಳಿದರು. ರಾಜ್ಯಗಳ ಗಡಿ ಕುರಿತ 1967ರ ಮಹಾಜನ ವರದಿ ಏನೇ ಹೇಳಲಿ, ಅಕ್ಕಲಕೋಟದಿಂದ ನಮ್ಮೂರಿಗೆ ಬಂದ ಸೊಸೆ ಇಲ್ಲಿ ಹೊಸ ಕನ್ನಡ ಕಲಿಯಬೇಕಾಗಿಲ್ಲ. ನಮ್ಮ ನುಡಿಯ ಗಡಿ ನಕಾಶೆಯ ಗಡಿಯಲ್ಲ.

ಹೊರಗಿನ ಲೋಕದಲ್ಲೂ ಈ ತಕರಾರು ನಡೆದಿದೆ. ಸ್ಪಾನಿಷ್ ಭಾಷೆಗೆ 1713ರಲ್ಲೇ ಮ್ಯಾಡ್ರಿಡ್‌ನಲ್ಲಿ ರಾಜ ಅಕಾಡೆಮಿ ಹುಟ್ಟಿತು. ಸ್ಪೇನಿನಲ್ಲಿ ಆಪ್ತರನ್ನು ‘ತೂ’ ಎಂದರೆ ಅರ್ಜೆಂಟಿನಾದಲ್ಲಿ ‘ವೋಸ್’ ಎನ್ನುತ್ತಾರೆ, ಕ್ರಿಯಾಪದವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಬಹುಕಾಲ ಅದನ್ನು ಹಳ್ಳಿಗರ ತಪ್ಪು ಎಂದವರಿದ್ದರು. 1951ರಲ್ಲಿ ಮೆಕ್ಸಿಕೋದಲ್ಲಿ ಬೇರೆ ಬೇರೆ ದೇಶಗಳಲ್ಲಿದ್ದ ಆ ಭಾಷೆಯ ಅಕಾಡೆಮಿಗಳು ಒಂದು ಸಂಘಟನೆ ಕಟ್ಟಿಕೊಂಡವು. 2009ರಲ್ಲಿ ಅವು ಸೇರಿ ಹೊರತಂದ ವ್ಯಾಕರಣ ‘ವೋಸ್’ ರೂಪಗಳಿಗೂ ಜಾಗ ಕೊಟ್ಟಿತು. ಭಾಷೆ ಒಡೆಯಲಿಲ್ಲ. ಅವರಿಗೆ ಸಾಧ್ಯವಾದದ್ದು ಒಂದೇ ರಾಜ್ಯದ ನಮಗೆ ಯಾಕೆ ಆಗಬಾರದು?

ಸಾಹಿತ್ಯದಲ್ಲಿ ನಮ್ಮವರು ಈ ಕೆಲಸ ಮಾಡಿ ತೋರಿಸಿದ್ದಾರೆ. ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಈ ನೆಲದ ನಾಲಗೆಯಲ್ಲೇ ಉಳಿದಿವೆ. ದೇವನೂರ ಮಹಾದೇವರು ‘ಕುಸುಮಬಾಲೆ’ಗೆ ನಂಜನಗೂಡು ಸೀಮೆಯ ಮಾತನ್ನೇ ಹಿಡಿದರು. ನಮ್ಮ ಸಾವಳಗಿಯಲ್ಲಿ ಹುಟ್ಟಿದ ಗೀತಾ ನಾಗಭೂಷಣ ಅವರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರ ಜನ ಕಲಬುರಗಿಯ ಮಾತಿನಲ್ಲೇ ಅಳುತ್ತಾರೆ, ಜಗಳಾಡುತ್ತಾರೆ. ಅಂಥ ಬರಹವನ್ನು ನಮ್ಮ ಮಕ್ಕಳು ಹೈಸ್ಕೂಲಿನಲ್ಲೇ ಓದುವಂತಾಗಬೇಕು.

ಅವಸರದ ಕೆಲಸ ಮಾತ್ರ ಬೇರೆ ಇದೆ, ಮರೆಯಾಗುವ ಮೊದಲು ಈ ಮಾತನ್ನು ಬರೆದಿಡುವುದು. ಭಾಷಾವಿಜ್ಞಾನಿ ಯು.ಪಿ. ಉಪಾಧ್ಯಾಯರು ಬಳ್ಳಾರಿ, ಕಲಬುರಗಿ, ಕುಮಟಾ, ನಂಜನಗೂಡು ಕನ್ನಡಗಳನ್ನು ಹೋಲಿಸಿ 1976ರಲ್ಲಿ ಪುಸ್ತಕ ತಂದರು. ಆ ಬಳಿಕ ನಮ್ಮ ಬದುಕೇ ಬದಲಾಗಿದೆ. ಕಣದ ನಡುವೆ ಮೇಟಿ ನೆಟ್ಟು, ಎತ್ತು ಕಟ್ಟಿ ಹಂತಿ ಹೊಡೆಯುತ್ತಿದ್ದರು, ರಾತ್ರಿಯೆಲ್ಲ ಹಂತಿ ಪದ ಹಾಡುತ್ತಿದ್ದರು. ಈಗ ಮಷಿನ್ ಬಂದು ತೊಗರಿ ರಾಶಿ ಬೇಗ ಮುಗಿಯುತ್ತದೆ. ರೈತನ ಬೆನ್ನಿಗೆ ಅದು ಒಳ್ಳೆಯದೇ. ಆದರೆ ಕೂರಿಗಿಯ, ಕುಂಟಿಯ, ಬಂಡಿಯ ಒಂದೊಂದು ಭಾಗಕ್ಕೂ ಇದ್ದ ಹೆಸರು ಎಪ್ಪತ್ತು ದಾಟಿದವರ ಬಾಯಲ್ಲಿ ಮಾತ್ರ ಉಳಿದಿದೆ.

ಕಲಬುರಗಿಯಲ್ಲಿ 1980ರಿಂದ ವಿಶ್ವವಿದ್ಯಾಲಯವಿದೆ. ಆಳಂದ ತಾಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಈ ಎರಡೂ ಕಡೆಯ ವಿದ್ಯಾರ್ಥಿಗಳು ಮೊಬೈಲಿನಲ್ಲಿ ಧ್ವನಿ ಹಿಡಿದು, ಮಾತಾಡಿದವರ ಊರು, ಕಸುಬು ಬರೆದು, ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಪದಕೋಶ ಕಟ್ಟಲಿ. ಹೆಣ್ಣುಮಕ್ಕಳನ್ನು ಮೊದಲು ಕೇಳಲಿ, ಅಡಿಗಿ, ಬಾಣಂತನ, ಬೀಸುಕಲ್ಲಿನ ಮಾತು ಅವರಲ್ಲಿದೆ. ಹೊರಗಿನಿಂದ ನೇಮಕವಾಗಿ ಬರುವ ಶಿಕ್ಷಕರ ಕೈಗೆ ಆ ಪದಕೋಶದ ಪ್ರತಿಯನ್ನು ಸಾಲಿಗೆ ಹಾಜರಾದ ದಿನವೇ ಕೊಡಲಿ. ಮಧ್ಯಾಹ್ನದ ಬಹಿರಂಗ ಅಧಿವೇಶನದಲ್ಲಿ ಇದೇ ಗೊತ್ತುವಳಿಯನ್ನು ಮಂಡಿಸಲಿದ್ದೇನೆ, ತಾವೆಲ್ಲ ಉಂಡು ಬಂದು ಕೂಡ್ರಬೇಕು, ಒಪ್ಪದವರು ಎದ್ದು ನಿಂತು ಹೇಳಬೇಕು.