ಬತ್ತದ ಬೀಜಕ್ಕೆ ಒಂದು ರಾತ್ರಿಯ ನೀರು

(ದೇವರಮನೆಯ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ಕಾಫಿಯ ಮಾತನ್ನು ಸ್ವಲ್ಪ ಬದಿಗಿಟ್ಟು ತೋಟದ ಕೆಳಗಿನ ಗದ್ದೆಗೆ ಇಳಿಯೋಣ. ಅಗೆ ಹಾಕುವ ಕಾಲ ಹತ್ತಿರ ಬಂದಿದೆ.

ಮಳೆ ಈಗ ಹಿಂದಿನ ಹಾಗೆ ಹೇಳಿದ ದಿನಕ್ಕೆ ಬರುವುದಿಲ್ಲ. 2019ರ ಆಗಸ್ಟಿನಲ್ಲಿ ನಮ್ಮ ಮೂಡಿಗೆರೆ ಸೀಮೆಯಲ್ಲಿ ಸುರಿದ ಮಳೆಗೆ ಗುಡ್ಡಗಳೇ ಕುಸಿದವು. 2023ರಲ್ಲಿ ಮುಂಗಾರು ಕೇರಳವನ್ನು ಮುಟ್ಟಿದ್ದೇ ಜೂನ್ 8ರಂದು. ಆ ವರ್ಷ ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಮಳೆ ನಮ್ಮ ಕೈಯಲ್ಲಿಲ್ಲ. ಬೀಜ ಮಾತ್ರ ನಮ್ಮ ಕೈಯಲ್ಲಿದೆ.

ಬತ್ತವನ್ನು ನೆನೆಹಾಕಿ, ಗೋಣಿಯಲ್ಲಿ ಕಟ್ಟಿ, ಮೊಳಕೆ ಬರಿಸಿ ಮಡಿಗೆ ಚೆಲ್ಲುವುದು ನಿಮಗೆಲ್ಲ ತಿಳಿದದ್ದೇ. ಆದರೆ ಮೊಳೆತ ಬೀಜ ಯಾರಿಗೂ ಕಾಯುವುದಿಲ್ಲ. ನಮ್ಮ ಮನೆಯಲ್ಲಿಯೇ ಒಂದು ವರ್ಷ ಮೊಳಕೆ ಸಿದ್ಧವಾಯಿತು, ಮಳೆ ಕೈಕೊಟ್ಟಿತು. ಮೂರು ದಿನ ಗೋಣಿಯಲ್ಲಿದ್ದ ಬೀಜ ಕಾವೇರಿ, ಬೇರು ಹೆಣೆದು ಮುದ್ದೆಯಾಯಿತು. ಕಣಜದಲ್ಲಿ ಬೇರೆ ಬೀಜ ಇರಲಿಲ್ಲ. ಆ ವರ್ಷ ನೆರೆಯವರ ಮಡಿಯಲ್ಲಿ ಉಳಿದ ಅಗೆಯನ್ನು ಬೇಡಿ ತಂದು, ತಡವಾಗಿ ನಟ್ಟಿ ಮಾಡಬೇಕಾಯಿತು.

ಇದಕ್ಕೆ ಒಂದು ಉಪಾಯವುಂಟು. ಬೀಜ ನೀರು ಕುಡಿಯುವುದು ಮೂರು ಹಂತದಲ್ಲಿ. ಮೊದಲು ಬೇಗ ಬೇಗ ಹೀರುತ್ತದೆ. ಆಮೇಲೆ ಹೀರುವುದು ನಿಧಾನವಾಗಿ, ಒಳಗೆ ಮೊಳೆಯುವ ಸಿದ್ಧತೆ ನಡೆಯುತ್ತದೆ. ಕೊನೆಗೆ ಬೇರು ಹೊರಬರುತ್ತದೆ. ಎರಡನೆಯ ಹಂತದಲ್ಲಿಯೇ ನೀರಿನಿಂದ ತೆಗೆದು ಒಣಗಿಸಿದರೆ ಬೀಜ ಸಾಯುವುದಿಲ್ಲ. ಆಗಿರುವ ಸಿದ್ಧತೆ ಉಳಿಯುತ್ತದೆ. ಮುಂದೆ ತೇವ ಸಿಕ್ಕಿದೊಡನೆ ಬೇಗನೆ, ಒಂದೇ ಸಮನೆ ಹುಟ್ಟುತ್ತದೆ. ಬೇಗ ಹುಟ್ಟಿದ ಸಸಿ ಬೇಗ ಬೇರೂರಿ, ನೆಲದ ತೇವ ಆರುವ ಮೊದಲೇ ಗಟ್ಟಿಯಾಗುತ್ತದೆ. 1990ರ ದಶಕದಲ್ಲಿ ಬ್ರಿಟನ್ನಿನ ಬ್ಯಾಂಗರ್‌ನ ವಿಜ್ಞಾನಿ ಡಿ. ಹ್ಯಾರಿಸ್ ಮತ್ತು ಸಂಗಡಿಗರು ರಾಜಸ್ಥಾನ, ಗುಜರಾತ್, ಮಧ್ಯಪ್ರದೇಶದ ರೈತರ ಹೊಲಗಳಲ್ಲಿಯೇ ಬತ್ತ, ಮೆಕ್ಕೆಜೋಳ, ಕಡಲೆಗಳಿಗೆ ಇದನ್ನು ಮಾಡಿ ನೋಡಿದರು. ಅವರು ಹೇಳಿದ್ದು ಇಷ್ಟೇ: ಒಂದು ರಾತ್ರಿ ನೆನೆಸಿ, ಮೇಲಿನ ನೀರು ಆರಿಸಿ, ಬಿತ್ತಿ.

ಮಾಡುವ ಕ್ರಮ ಹೀಗೆ:

1. ಮೊದಲು ಬೀಜ ಪರೀಕ್ಷಿಸಿ. 100 ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. 80ಕ್ಕಿಂತ ಕಡಿಮೆ ಮೊಳೆತರೆ ಬೇರೆ ಬೀಜ ಹುಡುಕಿ. ಸತ್ತ ಬೀಜವನ್ನು ಯಾವ ನೀರೂ ಬದುಕಿಸದು.

2. ಹಸಿ ಕೋಳಿಮೊಟ್ಟೆ ತೇಲುವಷ್ಟು ಉಪ್ಪು ಕರಗಿಸಿದ ನೀರಿಗೆ ಬತ್ತ ಸುರಿಯಿರಿ. ತೇಲಿದ ಜೊಳ್ಳನ್ನು ತೆಗೆಯಿರಿ. ಮುಳುಗಿದ ಬೀಜವನ್ನು ಒಳ್ಳೆಯ ನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಉಪ್ಪು ಉಳಿದರೆ ಮೊಳಕೆಗೆ ಕೇಡು.

3. ಸಂಜೆ 6 ಗಂಟೆಗೆ ನೆನೆಹಾಕಿ, ಬೆಳಿಗ್ಗೆ 8ಕ್ಕೆ ತೆಗೆಯಿರಿ. 24 ಗಂಟೆ ದಾಟಿಸಬೇಡಿ. ಬೇರಿನ ಬಿಳಿ ತುದಿ ಕಂಡ ಬೀಜವನ್ನು ಒಣಗಿಸಬಾರದು. ಅದನ್ನು ಬಿತ್ತಿಯೇ ಬಿಡಬೇಕು.

4. ನೆರಳಿನಲ್ಲಿ ತೆಳ್ಳಗೆ ಹರಡಿ. ಕಾಫಿ ಒಣಗಿಸುವ ಸಿಮೆಂಟಿನ ಕಣದ ಬಿಸಿಲು ಬೇಡ, ಒಲೆಯ ಕಾವೂ ಬೇಡ. ಗಾಳಿಯಾಡುವ ಜಗಲಿ ಸಾಕು.

5. ಅಂದೇ ಬಿತ್ತುವುದಾದರೆ ಕೈಗೆ ಅಂಟದಷ್ಟು ಆರಿದರೆ ಆಯಿತು. ಮಳೆಗಾಗಿ ಕೆಲವು ದಿನ ಕಾಯಬೇಕಾದರೆ ಪೂರ್ಣ ಒಣಗಿಸಿ. ಜೊಳ್ಳು ತೆಗೆದ ಒಣ ಬೀಜ 10 ಕಿಲೋ ಇದ್ದುದು ನೆನೆಸಿದ ಮೇಲೆ ಒಣಗಿ ಮತ್ತೆ 10 ಕಿಲೋ ಆಗಬೇಕು. ಜೊಳ್ಳು ತೆಗೆಯಲು ಒದ್ದೆಮಾಡಿದ ಬೀಜವಾದರೆ ಮೊದಲು ಒಣಗಿಸಿ ತೂಗಿಕೊಳ್ಳಿ.

ಇಲ್ಲೊಂದು ಎಚ್ಚರಿಕೆ. ನಮ್ಮ ಈ ಬೆಟ್ಟದಲ್ಲಿ ಮಂಜು ಮಳೆ ಹಿಡಿದ ಮೇಲೆ ಬಟ್ಟೆಯೇ ಒಣಗದು, ಬತ್ತ ಒಣಗೀತೇ? ಆದುದರಿಂದ ಒಣಗಿಸಿಡುವ ಕೆಲಸವನ್ನು ಮಳೆ ಹಿಡಿಯುವ ಮೊದಲೇ ಮುಗಿಸಿ. ಹೀಗೆ ಸಿದ್ಧಪಡಿಸಿದ ಬೀಜ ಸಾಧಾರಣ ಬೀಜದಷ್ಟು ಕಾಲ ಬಾಳದು. ಬರುವ ವರ್ಷಕ್ಕೆ ಇಡಬೇಡಿ. ಕಾಫಿ ಬೀಜಕ್ಕೆ ಇದನ್ನು ಮಾಡಬೇಡಿ. ಅತಿಯಾಗಿ ಒಣಗಿದರೆ ಅದರ ಮೊಳೆಯುವ ಶಕ್ತಿಯೇ ಹೋಗುತ್ತದೆ.

ನನ್ನ ಮಾತನ್ನೇ ನಂಬಿ ಇದ್ದ ಬೀಜವನ್ನೆಲ್ಲ ನೀರಿಗೆ ಹಾಕಿರೆಂದು ಹೇಳುವುದಿಲ್ಲ. ಈ ವರ್ಷ ಎರಡು ಸಣ್ಣ ಮಡಿ ಮಾಡಿ. ಒಂದಕ್ಕೆ ನೆನೆಸಿ ಆರಿಸಿದ ಬೀಜ, ಪಕ್ಕದ್ದಕ್ಕೆ ಒಣ ಬೀಜ. ಒಂದೇ ದಿನ, ಒಂದೇ ಅಳತೆ. ಯಾವುದು ಮೊದಲು ಹಸಿರಾಯಿತು, ಯಾವುದರಲ್ಲಿ ಸಸಿ ಹೆಚ್ಚು ಎಂದು ಮನೆಯ ಮಕ್ಕಳಿಂದ ಎಣಿಸಿ ಬರೆಸಿಡಿ. ಸಂದೇಹ ಬಂದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಾಗಲಿ, ಮೂಡಿಗೆರೆಯ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರದಲ್ಲಾಗಲಿ ವಿಚಾರಿಸಿ.

ಖರ್ಚು ಒಂದಿಷ್ಟು ಉಪ್ಪು, ಎರಡು ಕೊಡ ನೀರು, ಒಂದು ರಾತ್ರಿ. ಉಳಿಯುವುದು ಮನೆಯ ಬೀಜ. ಅರ್ಧ ಬೀಜವನ್ನು ಮಾತ್ರ ಮೊದಲು ನೆನೆಹಾಕಿ, ಉಳಿದರ್ಧ ಕಣಜದಲ್ಲಿಯೇ ಇರಲಿ. ಮುಗಿಲು ಮೋಸಮಾಡಿದರೂ ಬೇರೆಯವರ ಬಾಗಿಲಿಗೆ ಹೋಗುವ ದಿನ ನಿಮಗೆ ಬಾರದಿರಲಿ.