ತರಗತಿಗೆ ಮೊದಲು, ತರಗತಿಯ ನಂತರ



ತಿಪಟೂರು ಮಾರುಕಟ್ಟೆಯ ಕೊಬ್ಬರಿ ಆನ್‌ಲೈನ್ ಟೆಂಡರಿನಲ್ಲಿ ಮಾರಾಟವಾಗತೊಡಗಿ ವರ್ಷಗಳಾದವು. ಲಾಟ್ ಸಂಖ್ಯೆ, ಮೊಬೈಲಿಗೆ ಬರುವ ದರದ ಸಂದೇಶ ನಮ್ಮ ಬೆಳೆಗಾರರಿಗೆ ರೂಢಿಯಾಗಿವೆ. ಅದೇ ಮನೆಗಳ ಮಕ್ಕಳು ತುರುವೇಕೆರೆ, ಚಿಕ್ಕನಾಯಕನಹಳ್ಳಿ, ತಿಪಟೂರಿನ ಕಾಲೇಜುಗಳಿಗೆ ಬರುತ್ತಾರೆ. ಅವರ ಪಾಠವನ್ನು ಅಣಿಗೊಳಿಸಲು ಆನ್‌ಲೈನ್ ವೇದಿಕೆಯನ್ನು ನಾವು ಹೇಗೆ ಬಳಸುತ್ತಿದ್ದೇವೆ ಎಂಬುದೇ ಇಂದಿನ ನನ್ನ ವಿಷಯ.

ಸಲಕರಣೆಗೆ ಕೊರತೆಯಿಲ್ಲ. ಆನ್‌ಲೈನ್ ಪಾಠಕ್ಕೆಂದೇ ಮಾಡಿದ ಮೂಡಲ್ ತಂತ್ರಾಂಶ 2002ರಿಂದ ಉಚಿತವಾಗಿ ಸಿಗುತ್ತಿದೆ. ಗೂಗಲ್ ಕ್ಲಾಸ್‌ರೂಮ್ 2014ರಲ್ಲಿ, ಕೇಂದ್ರ ಸರ್ಕಾರದ ದೀಕ್ಷಾ ವೇದಿಕೆ 2017ರಲ್ಲಿ ಬಂದವು. 2021ರಲ್ಲಿ ರಾಜ್ಯ ಸರ್ಕಾರ ತನ್ನ ಪದವಿ ಕಾಲೇಜುಗಳಿಗೆ ಎಲ್‌ಎಂಎಸ್ (ಕಲಿಕಾ ನಿರ್ವಹಣಾ ವ್ಯವಸ್ಥೆ) ತಂದು, ವಿದ್ಯಾರ್ಥಿಗಳಿಗೆ ಟ್ಯಾಬ್‌ಗಳನ್ನೂ ಹಂಚಿತು.

ಆದರೆ ನನಗೆ ಹೆಚ್ಚು ಕಲಿಸಿದ್ದು 2020ರ ಆಗಸ್ಟ್‌ನ ವಿದ್ಯಾಗಮ ಎಂಬ ಸರ್ಕಾರಿ ಶಾಲೆಗಳ ಕಾರ್ಯಕ್ರಮ. ಕೋವಿಡ್‌ನಿಂದ ಶಾಲೆ ಮುಚ್ಚಿದ್ದಾಗ ಮೇಷ್ಟ್ರುಗಳು ಮಕ್ಕಳನ್ನು ಮೂರು ಗುಂಪು ಮಾಡಿಕೊಂಡರು: ಇಂಟರ್ನೆಟ್ ಇರುವ ಫೋನಿನವರು, ಬರೀ ಕರೆ ಮಾಡುವ ಫೋನಿನವರು, ಫೋನೇ ಇಲ್ಲದವರು. ಮೂರನೆಯವರಿಗಾಗಿ ದೇವಸ್ಥಾನದ ಜಗಲಿಗೆ, ಮರದ ನೆರಳಿಗೆ ತಾವೇ ನಡೆದು ಹೋದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು, 2021ರ ಜನವರಿಯಲ್ಲಿ ಮತ್ತೆ ಶುರುವಾಯಿತು. ಯಾರ ಕೈಯಲ್ಲಿ ಏನಿದೆ ಎಂದು ಮೊದಲು ವಿಚಾರಿಸಿ, ಆಮೇಲೆ ಪಾಠ ಹೂಡಿದ ಆ ಕ್ರಮ ದೊಡ್ಡದು. ಶಾಲೆ ತೆರೆದ ಮೇಲೆ ಅದನ್ನು ಕೈಬಿಟ್ಟದ್ದು ನಮ್ಮ ನಷ್ಟ.

ಈಗ ಬಹಳ ಕಡೆ ವೇದಿಕೆಯೆಂದರೆ ಪಿಡಿಎಫ್ ತುಂಬಿಡುವ ಉಗ್ರಾಣ. ಅದರಿಂದ ತರಗತಿಯಲ್ಲಿ ಏನೂ ಬದಲಾಗುವುದಿಲ್ಲ. ತರಗತಿಗೆ ಮೊದಲು ವಿದ್ಯಾರ್ಥಿ ಏನು ನೋಡಿಕೊಂಡು ಬರಬೇಕು, ಬರೆದದ್ದಕ್ಕೆ ಅಧ್ಯಾಪಕರ ಮಾತು ಎಷ್ಟು ದಿನದಲ್ಲಿ ತಿರುಗಿ ಸಿಗಬೇಕು, ಈ ಎರಡನ್ನು ನೇರ್ಪಡಿಸಿದರೆ ಮಾತ್ರ ವೇದಿಕೆಗೆ ಅರ್ಥ.

ಪ್ರಾಣಿಶಾಸ್ತ್ರದ ಒಂದು ಪಾಠ ತೆಗೆದುಕೊಳ್ಳೋಣ. ತೆಂಗಿನ ಕಪ್ಪುತಲೆ ಹುಳು ಗರಿಯ ತಳಭಾಗದಲ್ಲಿ ನೂಲು, ಹಿಕ್ಕೆಗಳಿಂದ ಗೂಡು ಕಟ್ಟಿ ಹಸಿರನ್ನು ಕೆರೆದು ತಿನ್ನುತ್ತದೆ. ಗರಿ ಸುಟ್ಟಂತೆ ಒಣಗುತ್ತದೆ. ಗೋನಿಯೋಜಸ್ ಎಂಬ ಪುಟ್ಟ ಕಣಜ ಆ ಹುಳುವಿನ ಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುತ್ತದೆ. ಜೈವಿಕ ನಿಯಂತ್ರಣಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಇಲ್ಲಿ ಬೇಕೇ? ಅಧ್ಯಾಪಕರು ಸೋಮವಾರ ಅರ್ಧ ಪುಟದ ಟಿಪ್ಪಣಿಯನ್ನೂ ಒಂದು ಪ್ರಶ್ನೆಯನ್ನೂ ವೇದಿಕೆಗೆ ಹಾಕಲಿ: ನಿಮ್ಮ ತೋಟದಲ್ಲಿ ಹುಳು ಮೊದಲು ಹಿಡಿದದ್ದು ಕೆಳಗರಿಯನ್ನೋ ಸುಳಿಯನ್ನೋ? ವಿದ್ಯಾರ್ಥಿಗಳು ಫೋಟೋ ಹಾಕಲಿ, ಫೋನಿಲ್ಲದವರು ಗರಿಯನ್ನೇ ತರಲಿ. ಹೊನ್ನವಳ್ಳಿಯ, ನೊಣವಿನಕೆರೆಯ, ಹುಳಿಯಾರಿನ ಗರಿಗಳು ಒಟ್ಟಿಗೆ ಮೇಜಿನ ಮೇಲೆ ಬಂದಾಗ ಗಂಟೆಯ ಪಾಠ ತಾನಾಗಿ ಚರ್ಚೆಯಾಗುತ್ತದೆ. ಸಂಶಯ ಉಳಿದರೆ ಕೊನೆಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಪಕ್ಕದಲ್ಲೇ ಇದೆ. ಬರೆದ ಉತ್ತರಗಳನ್ನು ಅಧ್ಯಾಪಕರು ಒಂದು ವಾರದೊಳಗೆ ತಿದ್ದಿ ಕಳಿಸಲಿ. ಟಿಪ್ಪಣಿ ವೇದಿಕೆಯಲ್ಲೇ ಇರುವುದರಿಂದ, ಕಾಯಿ ಕೀಳುವ ದಿನ ತೋಟದಲ್ಲೇ ಉಳಿದ ಹುಡುಗನಿಗೂ ಆ ವಾರದ ಪಾಠ ತಪ್ಪುವುದಿಲ್ಲ.

ಇದಕ್ಕೆ ಎರಡು ಷರತ್ತು ಹಾಕುತ್ತೇನೆ. ಟಿಪ್ಪಣಿ ಕನ್ನಡದಲ್ಲೂ ಇರಬೇಕು. ಕನ್ನಡ ಮಾಧ್ಯಮದಿಂದ ಬಂದ ಹುಡುಗಿ ಇಂಗ್ಲಿಷ್ ಸ್ಲೈಡಿನ ಮುಂದೆ ಮೂಕಳಾಗಬಾರದು. ಎರಡನೆಯದು, ಮನೆಯ ಒಂದೇ ಫೋನು ಹಗಲೆಲ್ಲ ಅಪ್ಪನ ಜೇಬಿನಲ್ಲಿರುತ್ತದೆ. ಆದ್ದರಿಂದ ಗಡುವು ಮಧ್ಯಾಹ್ನಕ್ಕೆ ಬೇಡ, ರಾತ್ರಿಗಿರಲಿ. ಕಡತವೂ ಹಗುರವಾಗಿರಲಿ.

ತಿದ್ದುವ ಕೆಲಸ ಹೆಚ್ಚುತ್ತದೆ, ನಿಜ. ಅತಿಥಿ ಉಪನ್ಯಾಸಕರಿಗೆ ಆ ಸಮಯಕ್ಕೆ ಸಂಭಾವನೆ ಕೊಡದೆ ಇದನ್ನೆಲ್ಲ ಅವರಿಂದ ಬಯಸುವುದು ನ್ಯಾಯವಲ್ಲ. ಇಲಾಖೆಗೆ ನನ್ನ ಬೇಡಿಕೆ ಇದೊಂದೇ. ಮೂರೂ ತಾಲ್ಲೂಕಿನ ಅಧ್ಯಾಪಕ ಮಿತ್ರರಲ್ಲಿ ಕೇಳಿಕೊಳ್ಳುವುದೂ ಒಂದೇ: ಬರುವ ಸೆಮಿಸ್ಟರಿನಲ್ಲಿ ಒಂದು ಪತ್ರಿಕೆಯನ್ನಾದರೂ ಹೀಗೆ ನಡೆಸಿ, ತಯಾರಿಸಿದ ಕನ್ನಡ ಟಿಪ್ಪಣಿಗಳನ್ನು ಪಕ್ಕದ ಕಾಲೇಜಿಗೂ ಕೊಡಿ.