ಎರಡನೆಯ ಪುಸ್ತಕದ ಪರೀಕ್ಷೆ
ಸ್ಟೀಫನ್ ಕಿಂಗ್ ಅವರ ‘ದಿ ಡ್ರಾಯಿಂಗ್ ಆಫ್ ದಿ ತ್ರೀ’ ಮತ್ತು ಅದರ ಓದುಗರು



ಓದುವ ಅಭ್ಯಾಸದ ಬಗ್ಗೆ ವಿಚಾರ ಮಾಡಬೇಕೆಂಬುದು ಈ ದತ್ತಿ ಉಪನ್ಯಾಸದ ಆಶಯ. ಅದಕ್ಕಾಗಿ ನಮ್ಮ ಸಾಹಿತ್ಯ ವೇದಿಕೆಗಳಲ್ಲಿ ಅಪರೂಪಕ್ಕೆ ಚರ್ಚೆಯಾಗುವ ಡಾರ್ಕ್ ಫ್ಯಾಂಟಸಿ ಎಂಬ ಪ್ರಕಾರವನ್ನು ಆರಿಸಿಕೊಂಡಿದ್ದೇನೆ. ಅಮೆರಿಕದ ಲೇಖಕ ಸ್ಟೀಫನ್ ಕಿಂಗ್ ಅವರ ‘ದಿ ಡಾರ್ಕ್ ಟವರ್’ ಮಾಲೆಯ ಎರಡನೆಯ ಕಾದಂಬರಿ ‘ದಿ ಡ್ರಾಯಿಂಗ್ ಆಫ್ ದಿ ತ್ರೀ’ 1987ರಲ್ಲಿ ಬಂತು. ಅದನ್ನು ಓದಿದವರು ಅಂದಿನಿಂದ ಏನು ಹೇಳುತ್ತ ಬಂದಿದ್ದಾರೆ ಎಂಬುದು ಇಂದಿನ ಉಪನ್ಯಾಸದ ವಿಷಯ. ಕಾರಣ ಕೊಟ್ಟು ಆಡಿದ ಓದುಗರ ಮಾತಿಗೆ ವಿಮರ್ಶೆಯ ಪೂರ್ಣ ಮಾನ ಸಲ್ಲಬೇಕು, ಆ ಮಾತಿನ ಬೆಲೆ ಮಾಲೆಯ ಎರಡನೆಯ ಪುಸ್ತಕದಲ್ಲಿ ಹೆಚ್ಚು ಸ್ಪಷ್ಟವಾಗುತ್ತದೆ ಎಂಬುದು ನನ್ನ ನಿಲುವು.

ಮೊದಲ ಪುಸ್ತಕವನ್ನು ಕುತೂಹಲದಿಂದ ಯಾರಾದರೂ ಓದಿಯಾರು. ಎರಡನೆಯದನ್ನು ಕೈಗೆತ್ತಿಕೊಳ್ಳುವವರು ತೀರ್ಮಾನ ಮಾಡಿಯೇ ಬಂದಿರುತ್ತಾರೆ. ತ.ರಾ.ಸು. ಅವರ ಚಿತ್ರದುರ್ಗದ ಕಾದಂಬರಿಗಳಲ್ಲಿ ‘ಕಂಬನಿಯ ಕುಯಿಲು’ ಮುಗಿಸಿ ‘ರಕ್ತರಾತ್ರಿ’ಗೆ ಬಂದವರಿಗೆ ಈ ಅನುಭವ ಹೊಸದಲ್ಲ. ಜಗತ್ತು ಪರಿಚಿತ, ಪಾತ್ರಗಳ ಹೆಸರು ಗೊತ್ತು, ಬೆರಗಿನ ಮೊದಲ ಅಲೆ ಇಳಿದಿದೆ. ಆಮೇಲೆ ಕಥೆಯಲ್ಲಿ ಉಳಿಯುವ ಹುರುಳೆಷ್ಟು ಎಂಬುದನ್ನು ಓದುಗರು ಆಗ ಅಳೆಯುತ್ತಾರೆ.

1. ಪತ್ರ ಬರೆದ ಓದುಗರು

ಮಾಲೆಯ ಮೊದಲ ಪುಸ್ತಕ ‘ದಿ ಗನ್‌ಸ್ಲಿಂಗರ್’. ರಾಬರ್ಟ್ ಬ್ರೌನಿಂಗ್ 1855ರಲ್ಲಿ ಪ್ರಕಟಿಸಿದ ಚೈಲ್ಡ್ ರೋಲಂಡ್ ಕವನ ಇದಕ್ಕೆ ಪ್ರೇರಣೆ. 1978ರಿಂದ 1981ರವರೆಗೆ ಒಂದು ಅಮೆರಿಕನ್ ಮಾಸಪತ್ರಿಕೆಯಲ್ಲಿ ಐದು ಕಥೆಗಳಾಗಿ ಬಂದದ್ದು 1982ರಲ್ಲಿ ಪುಸ್ತಕವಾಯಿತು. ಡೊನಾಲ್ಡ್ ಗ್ರ್ಯಾಂಟ್ ಎಂಬ ಸಣ್ಣ ಪ್ರಕಾಶಕರು ಅಚ್ಚು ಹಾಕಿಸಿದ್ದು 10,000 ಪ್ರತಿ. ಕಿಂಗ್ ಅವರ ಲಕ್ಷಾಂತರ ಓದುಗರಿಗೆ ಇಂಥದೊಂದು ಪುಸ್ತಕ ಇರುವುದೇ ತಿಳಿದಿರಲಿಲ್ಲ. 1983ರಲ್ಲಿ ‘ಪೆಟ್ ಸೆಮೆಟರಿ’ ಬಂದಾಗ ‘ಇದೇ ಲೇಖಕರ ಇತರ ಕೃತಿಗಳು’ ಎಂಬ ಪಟ್ಟಿಯಲ್ಲಿ ‘ದಿ ಗನ್‌ಸ್ಲಿಂಗರ್’ ಹೆಸರು ಕಂಡಿತು. ಪುಸ್ತಕ ಎಲ್ಲಿ ಸಿಗುತ್ತದೆ, ನಮಗೇಕೆ ಸಿಗುತ್ತಿಲ್ಲ ಎಂದು ಕೇಳುವ ಪತ್ರಗಳು ಲೇಖಕರಿಗೂ ಪ್ರಕಾಶಕರಿಗೂ ರಾಶಿಯಾಗಿ ಬಂದವು. ಒಂದು ಸಣ್ಣ ಸಾಹಸವಾಗಿ ಶುರುವಾದ ಕೃತಿ ಸಾರ್ವಜನಿಕರ ಕೈಗೆ ಬಂದದ್ದರಲ್ಲಿ ಈ ಒತ್ತಾಯದ ಪಾಲು ದೊಡ್ಡದು.

2. ಕಡಲದಂಡೆಯ ಮೂರು ಬಾಗಿಲು

ಮೊದಲ ಪುಸ್ತಕ ಮರುಭೂಮಿಯ ಕಥೆ. ರೋಲಂಡ್ ಎಂಬ ಬಂದೂಕುಗಾರ ಕಪ್ಪು ಉಡುಪಿನ ಮನುಷ್ಯನ ಬೆನ್ನುಹತ್ತಿ ನಡೆಯುತ್ತಾನೆ. ಡಾರ್ಕ್ ಟವರ್ ಎಂಬ ಗೋಪುರವನ್ನು ತಲುಪುವ ಹಠದಲ್ಲಿ, ತನ್ನನ್ನು ನಂಬಿ ಬಂದ ಜೇಕ್ ಎಂಬ ಹುಡುಗನನ್ನು ಬೆಟ್ಟದೊಳಗಿನ ಪ್ರಪಾತಕ್ಕೆ ಬೀಳಗೊಡುತ್ತಾನೆ. ಎರಡನೆಯ ಪುಸ್ತಕ, ಮೊದಲನೆಯದು ಮುಗಿದ ಕೆಲವೇ ಗಂಟೆಗಳ ಬಳಿಕ, ಪಶ್ಚಿಮ ಸಮುದ್ರದ ದಂಡೆಯಲ್ಲಿ ತೆರೆದುಕೊಳ್ಳುತ್ತದೆ. ಮೊದಲ ಕೆಲವು ಪುಟಗಳಲ್ಲೇ ಸಮುದ್ರದಿಂದ ಬಂದ ಸೀಗಡಿಯಂಥ ದೈತ್ಯಜೀವಿ ರೋಲಂಡನ ಬಲಗೈಯ ಎರಡು ಬೆರಳುಗಳನ್ನೂ ಕಾಲಿನ ಹೆಬ್ಬೆರಳನ್ನೂ ಕತ್ತರಿಸಿಬಿಡುತ್ತದೆ. ಬಂದೂಕಿನಿಂದಲೇ ಹೆಸರು ಪಡೆದವನ ಬಲಗೈ ನಿಷ್ಪ್ರಯೋಜಕವಾಗುತ್ತದೆ, ಗಾಯಕ್ಕೆ ನಂಜೇರುತ್ತದೆ, ಜ್ವರ ಹತ್ತುತ್ತದೆ.

ಆ ಸ್ಥಿತಿಯಲ್ಲಿ ಮರಳಿನ ಮೇಲೆ ಒಂದಾದ ಮೇಲೊಂದರಂತೆ ಮೂರು ಬಾಗಿಲುಗಳು ಎದುರಾಗುತ್ತವೆ. ಪ್ರತಿಯೊಂದೂ ನ್ಯೂಯಾರ್ಕಿನ ಒಂದೊಂದು ಕಾಲಕ್ಕೆ, ಒಬ್ಬೊಬ್ಬರ ಮನಸ್ಸಿನೊಳಕ್ಕೆ ತೆರೆಯುತ್ತದೆ. 1987ರ ಎಡ್ಡಿ ಡೀನ್ ಹೆರಾಯಿನ್ ಚಟಕ್ಕೆ ಬಿದ್ದು ವಿಮಾನದಲ್ಲಿ ಕೊಕೇನ್ ಸಾಗಿಸುತ್ತಿರುವ ಯುವಕ. 1964ರ ಓಡೆಟ್ಟಾ ಹೋಮ್ಸ್ ನಾಗರಿಕ ಹಕ್ಕುಗಳ ಚಳವಳಿಯಲ್ಲಿ ದುಡಿಯುವ ಶ್ರೀಮಂತ ಕಪ್ಪು ಮಹಿಳೆ. ಅವಳ ಕಾಲುಗಳು ರೈಲಿಗೆ ಸಿಕ್ಕಿ ಹೋಗಿವೆ, ಅವಳಿಗೇ ತಿಳಿಯದೆ ಡೆಟ್ಟಾ ಎಂಬ ಇನ್ನೊಬ್ಬಳು ಅವಳೊಳಗಿದ್ದಾಳೆ. ಮೂರನೆಯವನು 1977ರ ಜ್ಯಾಕ್ ಮಾರ್ಟ್. ಅಪರಿಚಿತರನ್ನು ಸಾವಿನ ದಾರಿಗೆ ತಳ್ಳಿ ಸುಖಪಡುವವನು. ರೋಲಂಡನಿಗೆ ಜೊತೆಗಾರರನ್ನು ಒದಗಿಸುವುದು ಕಥೆಯ ಉದ್ದೇಶ. ಆ ಜೊತೆಗಾರರು ಬರುವುದು ಹೀಗೆ ಮುರಿದ ಬದುಕುಗಳಿಂದ.

3. ಮೆಚ್ಚಿದವರ ಮಾತು

‘ಮೊದಲನೆಯದು ಒಣಗಿದಂತಿತ್ತು, ಎರಡನೆಯದಕ್ಕೆ ಬಂದ ಮೇಲೆ ಬಿಡಲಾಗಲಿಲ್ಲ’ ಎಂಬುದು ಈ ಪುಸ್ತಕದ ಬಗ್ಗೆ ಹೆಚ್ಚಾಗಿ ಕೇಳಿಬರುವ ಅಭಿಪ್ರಾಯ. ಈ ಮಾಲೆಯ ಅಭಿಮಾನಿಗಳು ಹೊಸಬರಿಗೆ ಪುಸ್ತಕ ಕೊಡುವಾಗ ಎರಡನೆಯದನ್ನು ಓದುವವರೆಗೆ ತೀರ್ಪು ಕೊಡಬೇಡಿ ಎಂದು ಸೇರಿಸುತ್ತಾರೆ. 2003ರಲ್ಲಿ ಕಿಂಗ್ ಅವರು ‘ದಿ ಗನ್‌ಸ್ಲಿಂಗರ್’ ಅನ್ನು ಪರಿಷ್ಕರಿಸಿದರು. ತಾವೂ ಹೊಸ ಓದುಗರಿಗೆ ಅದೇ ಸಮಾಧಾನ ಹೇಳುತ್ತಿದ್ದುದಾಗಿ, ಕಥೆಗೆ ತನ್ನ ದನಿ ನಿಜವಾಗಿ ಸಿಕ್ಕಿದ್ದು ಎರಡನೆಯ ಪುಸ್ತಕದಲ್ಲೆಂದು ಅದರ ಮುನ್ನುಡಿಯಲ್ಲಿ ಒಪ್ಪಿಕೊಂಡರು. ಓದುಗರು ಬಹುಕಾಲದಿಂದ ಹೇಳುತ್ತಿದ್ದುದಕ್ಕೆ ಲೇಖಕರ ಒಪ್ಪಿಗೆ ದೊರೆತ ಅಪರೂಪದ ಸಂದರ್ಭವಿದು.

ಈ ಮೆಚ್ಚುಗೆಗೆ ವೇಗವೊಂದೇ ಕಾರಣವಲ್ಲ. ಮೊದಲ ಪುಸ್ತಕದ ರೋಲಂಡ್ ಕಲ್ಲಿನ ಮೂರ್ತಿಯಂತೆ ದೂರದಲ್ಲಿ ನಿಂತವನು. ಇಲ್ಲಿ ಜ್ವರದಿಂದ ನಡುಗುತ್ತ ಬೇರೊಬ್ಬರ ಕೈ ಹಿಡಿಯಬೇಕಾಗುತ್ತದೆ. ಅದೇ ದಂಡೆಯಲ್ಲಿ ಎಡ್ಡಿ ಹೆರಾಯಿನ್ ಇಲ್ಲದ ದಿನಗಳ ನರಕವನ್ನು ದಾಟುತ್ತಾನೆ. ರೋಲಂಡನಿಗೆ ಗೋಪುರ ಎಂಬುದೂ ಒಂದು ಚಟ ಎಂದು ಗುರುತಿಸುವವನು ಎಡ್ಡಿಯೇ. ಚಟದ ಒಳಹೊರಗು ಬಲ್ಲವನ ಕಣ್ಣಿಗೆ ಮಾತ್ರ ಬೀಳುವ ಸತ್ಯ ಅದು. ಅನೇಕ ಓದುಗರು ಈ ಭಾಗವನ್ನು ಮತ್ತೆ ಮತ್ತೆ ನೆನೆಯುತ್ತಾರೆ, ನಾನೂ ಅವರ ಪಂಕ್ತಿಯಲ್ಲಿದ್ದೇನೆ. ಡಾರ್ಕ್ ಫ್ಯಾಂಟಸಿಯ ಕತ್ತಲು ಇರುವುದು ಇಂಥ ಕಡೆ. ಭೀಕರ ಪ್ರಾಣಿಗಳ ಭಯ ನಾಲ್ಕು ಪುಟದಲ್ಲಿ ಹಳತಾಗುತ್ತದೆ. ಹುಡುಗನೊಬ್ಬನನ್ನು ಈಗಾಗಲೇ ಬಲಿಕೊಟ್ಟವನು ತನ್ನ ಹೊಸ ಗೆಳೆಯರನ್ನೂ ಬಲಿಕೊಟ್ಟಾನೆಯೆ ಎಂಬ ಭಯ ಕೊನೆಯ ಪುಟದವರೆಗೂ ಬೆಳೆಯುತ್ತದೆ.

4. ಒಪ್ಪದವರ ಮಾತು

ಇನ್ನು ಕೆಲವರು ಮೊದಲ ಪುಸ್ತಕದ ಮೌನವನ್ನೇ ಪ್ರೀತಿಸಿದವರು. ಗುರುತು ಸಿಗದ ಆ ಮರುಭೂಮಿಯಿಂದ ಒಮ್ಮೆಲೇ ವಿಮಾನ ನಿಲ್ದಾಣ, ಮಾದಕದ್ರವ್ಯದ ದಂಧೆ, ಗುಂಡಿನ ಕಾಳಗಕ್ಕೆ ಬಂದಾಗ ತಾವು ಬಯಸಿದ ಪುರಾಣ ಕೈತಪ್ಪಿತೆಂದು ಅವರಿಗೆ ಅನಿಸುತ್ತದೆ. ಪಯಣ ಮುಂದೆ ಸಾಗಲೇ ಇಲ್ಲ, ಇಡೀ ಪುಸ್ತಕ ಕಡಲದಂಡೆಯಲ್ಲೇ ಕಳೆಯಿತು ಎಂಬುದು ಮತ್ತೊಂದು ದೂರು. ಎಡ್ಡಿ ಮತ್ತು ಓಡೆಟ್ಟಾ ನಡುವಿನ ಪ್ರೀತಿ ಅವಸರದಲ್ಲಿ ಹುಟ್ಟಿತು ಎನ್ನುವವರಿದ್ದಾರೆ, ಅವರ ಮಾತಿನಲ್ಲಿ ಹುರುಳಿದೆ.

ಜ್ಯಾಕ್ ಮಾರ್ಟ್ ಬಗೆಗಿನ ವಾದ ಇನ್ನೂ ಸ್ವಾರಸ್ಯಕರ. ಓಡೆಟ್ಟಾ ಮಗುವಾಗಿದ್ದಾಗ ಅವಳ ತಲೆಯ ಮೇಲೆ ಇಟ್ಟಿಗೆ ಬೀಳಿಸಿದವನು, ಮುಂದೆ ಅವಳನ್ನು ರೈಲಿನ ಮುಂದೆ ತಳ್ಳಿದವನು, ಜೇಕ್‌ನನ್ನು ರೋಲಂಡನ ಜಗತ್ತಿಗೆ ಬರುವ ಮೊದಲು ನ್ಯೂಯಾರ್ಕಿನಲ್ಲಿ ಕಾರಿನ ಚಕ್ರಕ್ಕೆ ದೂಡಿದವನು, ಎಲ್ಲವೂ ಇವನೊಬ್ಬನೇ. ಇಷ್ಟೊಂದು ಕಾಕತಾಳೀಯವನ್ನು ನಂಬುವುದು ಹೇಗೆ ಎಂದು ಕೆಲವರು ಕೇಳುತ್ತಾರೆ. ಈ ಜಗತ್ತನ್ನು ‘ಕಾ’ ಎಂಬ ವಿಧಿ ನಡೆಸುತ್ತಿರುವಾಗ ಕಾಕತಾಳೀಯವೇ ಅದರ ನಿಯಮ ಎಂದು ಇನ್ನು ಕೆಲವರು ಉತ್ತರಿಸುತ್ತಾರೆ. ಜೇಕ್‌ನ ಆ ನ್ಯೂಯಾರ್ಕಿನ ಸಾವನ್ನು ರೋಲಂಡ್ ತಪ್ಪಿಸಿದ್ದರಿಂದ ಹುಟ್ಟಿದ ಗಂಟನ್ನು 1991ರ ಮೂರನೆಯ ಕಾದಂಬರಿ ‘ದಿ ವೇಸ್ಟ್ ಲ್ಯಾಂಡ್ಸ್’ ಬಿಡಿಸುತ್ತದೆ. ಹಾಗಾಗಿ ಎರಡನೆಯದನ್ನು ಮೊದಲ ಸಲ ಓದಿದಾಗಿನ ಅಭಿಪ್ರಾಯವೂ ಮೂರನೆಯದನ್ನು ಓದಿ ಹಿಂದಿರುಗಿ ನೋಡಿದಾಗಿನ ಅಭಿಪ್ರಾಯವೂ ಒಂದೇ ಆಗಿರುವುದಿಲ್ಲ. ಎರಡಕ್ಕೂ ಅದರದರ ನ್ಯಾಯವಿದೆ.

5. ಡೆಟ್ಟಾಳ ಪ್ರಶ್ನೆ

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಡೆಟ್ಟಾ ವಾಕರ್ ಬಗ್ಗೆ. ಓಡೆಟ್ಟಾ ಸುಶಿಕ್ಷಿತೆ, ಸೌಮ್ಯೆ. ಡೆಟ್ಟಾಳ ಮಾತು ಒರಟು, ದ್ವೇಷದಿಂದ ತುಂಬಿದ್ದು. ಅವಳ ಉಚ್ಚಾರಣೆಯನ್ನು ವಿರೂಪಗೊಳಿಸಿ ಬರೆದ ರೀತಿಯಲ್ಲಿ, ಕಪ್ಪು ಜನರನ್ನು ಅಣಕಿಸಲು ಬಿಳಿಯರ ರಂಗಭೂಮಿ ಮತ್ತು ಸಿನಿಮಾ ಬಳಸಿದ ಹಳೆಯ ಅಚ್ಚನ್ನೇ ಅನೇಕ ಓದುಗರು ಕಂಡಿದ್ದಾರೆ. ಆ ಮಾತು ಅತಿಯಾದ ವ್ಯಂಗ್ಯಚಿತ್ರದಂತಿದೆ ಎಂದು ಕಾದಂಬರಿಯ ಒಳಗೇ ಎಡ್ಡಿಗೆ ಅನಿಸುತ್ತದೆ, ಆದ್ದರಿಂದ ಲೇಖಕರಿಗೆ ಅದರ ಅರಿವಿತ್ತು ಎಂದು ಸಮರ್ಥಿಸುವವರು ವಾದಿಸುತ್ತಾರೆ. ಬಿಳಿಯ ಸಮಾಜದ ಹಿಂಸೆಯೇ ಅವಳನ್ನು ಎರಡಾಗಿ ಸೀಳಿತು ಎಂಬ ಓದೂ ಇದೆ.

ನನ್ನ ಅಭಿಪ್ರಾಯ ಹೇಳುತ್ತೇನೆ. ಲೇಖಕರಿಗೆ ಅರಿವಿತ್ತು ಎಂಬುದರಿಂದ ಓದುವವರಿಗಾದ ನೋವು ಅಳಿಯುವುದಿಲ್ಲ. ನೂರಾರು ಪುಟಗಳುದ್ದಕ್ಕೂ ಆ ದನಿಯನ್ನು ಕೇಳಬೇಕಾದವರು, ವಿಶೇಷವಾಗಿ ಕಪ್ಪು ಓದುಗರು, ಅದನ್ನು ಸಹಿಸಲಾಗದೆ ಪುಸ್ತಕ ಮುಚ್ಚಿಟ್ಟರೆ ಅದೂ ಒಂದು ವಿಮರ್ಶಾತ್ಮಕ ತೀರ್ಪು. ಅದೇ ಪಾತ್ರದ ಎರಡು ಮುಖಗಳು ಪರಸ್ಪರ ಕಂಡು ಒಂದಾಗಿ ಸುಸಾನಾ ಆಗುವ ಘಳಿಗೆ ಈ ಮಾಲೆಯ ಶ್ರೇಷ್ಠ ಘಟ್ಟಗಳಲ್ಲಿ ಒಂದು ಎಂಬುದನ್ನೂ ನಾನು ಅಷ್ಟೇ ದೃಢವಾಗಿ ನಂಬುತ್ತೇನೆ. ಒಂದು ಕೃತಿಯನ್ನು ಪ್ರೀತಿಸುತ್ತಲೇ ಅದರ ಗಾಯವನ್ನು ಬೆರಳಿಟ್ಟು ತೋರಿಸುವುದನ್ನು ನಾನು ಕಲಿತದ್ದು ಇಂಥ ಓದುಗರಿಂದ.

6. ಅಭಿಪ್ರಾಯದ ಹೊಣೆ

1991ರ ನಂತರ ನಾಲ್ಕನೆಯ ಪುಸ್ತಕಕ್ಕೆ 1997ರವರೆಗೆ ಕಾಯಬೇಕಾಯಿತು. ಮಾಲೆಯ ಮುಖ್ಯ ಕಥೆ ಏಳನೆಯ ಕಾದಂಬರಿಗೆ ಬಂದು ಮುಗಿದದ್ದು 2004ರಲ್ಲಿ. ನಡುವೆ ಬಂದ ಪತ್ರಗಳಲ್ಲಿ ಎರಡನ್ನು ಕಿಂಗ್ ನೆನೆದಿದ್ದಾರೆ. ಕ್ಯಾನ್ಸರ್ ಪೀಡಿತರಾದ ಒಬ್ಬ ವೃದ್ಧೆ, ಮರಣದಂಡನೆಗೆ ಗುರಿಯಾದ ಒಬ್ಬ ಕೈದಿ, ಕಥೆ ಹೇಗೆ ಮುಗಿಯುತ್ತದೆಂದು ತಮಗೆ ಹೇಳಿಬಿಡಿ ಎಂದು ಬೇಡಿದ್ದರು. ಕೊನೆ ಕಿಂಗ್ ಅವರಿಗೂ ತಿಳಿದಿರಲಿಲ್ಲ, ಬರೆದೇ ತಿಳಿಯಬೇಕಿತ್ತು. ಜನಪ್ರಿಯ ಕಥೆಯ ಓದು ಕಾಲಹರಣ ಎನ್ನುವವರು ಈ ಎರಡು ಪತ್ರಗಳ ಬಗ್ಗೆ ಯೋಚಿಸಲಿ. ತಮ್ಮ ಕೊನೆಯ ದಿನಗಳಲ್ಲಿ ಒಬ್ಬರು ಕಾಲ್ಪನಿಕ ಗೋಪುರದ ಬಗ್ಗೆ ಕೇಳುತ್ತಾರೆಂದರೆ, ಆ ಕಥೆ ಅವರ ಬದುಕಿನ ಒಳಗೆ ನಿಜವಾಗಿ ಕೆಲಸ ಮಾಡಿದೆ.

ಆದ್ದರಿಂದ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಪುಸ್ತಕ ಮುಗಿಸಿದ ಮೇಲೆ ಚೆನ್ನಾಗಿದೆ, ಚೆನ್ನಾಗಿಲ್ಲ ಎಂದಷ್ಟೇ ಹೇಳಿ ಏಳಬೇಡಿ. ಯಾವ ಪುಟದಲ್ಲಿ ನಂಬಿಕೆ ಹುಟ್ಟಿತು, ಯಾವ ಪುಟದಲ್ಲಿ ಮುರಿಯಿತು, ಯಾರ ಪರವಾಗಿ ಮನಸ್ಸು ನೊಂದಿತು ಎಂದು ಬರೆದಿಡಿ. ನಿಮ್ಮಂತೆ ಯೋಚಿಸದ ಓದುಗರು ಸಿಕ್ಕರೆ ಅವರ ಕಾರಣ ಕೇಳಿ. ಮಾಲೆಯ ಪುಸ್ತಕವಾದರೆ ಎರಡನೆಯದನ್ನು ಖಂಡಿತ ಓದಿ, ಓದಿ ಮುಗಿದ ಮೇಲೆ ಮೊದಲನೆಯದರ ಬಗ್ಗೆ ಬರೆದಿಟ್ಟದ್ದನ್ನು ತಿದ್ದಿ. ಇಷ್ಟನ್ನು ಮಾಡುವವರು ಪಂಡಿತರ ಅಪ್ಪಣೆಗಾಗಿ ಕಾಯಬೇಕಿಲ್ಲ. ಅವರು ಆಗಲೇ ವಿಮರ್ಶಕರಾಗಿದ್ದಾರೆ, ಅವರ ಮಾತನ್ನು ಗೌರವದಿಂದ ಕೇಳುವ ಕೆಲಸ ನಮ್ಮಂಥವರದು.